ಕರಿ ಕಾರಿಗೆ ಜರಿ ಅಂಚು

ಆಗಸ್ಟ್ ೧೮, ಸೋಮವಾರ

ಅಳಿಯ ಬಿದ್ದ. ಪಾಪ ಎಂದು ಬರೆಯುವುದು ಧರ್ಮ, ಬರೆದಿದ್ದೇನೆ. ತಾನೇ ಎಬ್ಬಿಸಿದ ನೊರೆಯ ಮೇಲೆ ತಾನೇ ಕಾಲಿಟ್ಟು, ದೇವನಹಳ್ಳಿಯಲ್ಲಿ ಯಾರದೋ ಗೇಟಿನ ಮುಂದೆ ಅಂಗಾತ ಬಿದ್ದು ಬಲಗೈ ಮುರಿದುಕೊಂಡಿದ್ದಾನೆ. ಹೋಗಿ ನೋಡಿಕೊಂಡು ಬಂದೆ. ಕೈ ಸುಣ್ಣ ಬಳಿದ ಕಂಬದಂತಿದೆ.

"ನೋವಿದೆಯೇನಪ್ಪಾ?" ಎಂದೆ.

"ಕೈದೇನಿಲ್ಲ ಮಾವ. ನಾಡಿದ್ದು ಎರಡು ಕಾರು ಬುಕ್ಕಾಗಿದೆ, ಅದೇ ನೋವು" ಎಂದ.

ಅಳಿಯ ಚೌಡೇಶನೂ ನನ್ನ ಮಗಳು ಮೇಘನಳೂ ಮಾಡುವ ಉದ್ಯೋಗವೇನು ಎಂದು ನಮ್ಮ ನೇಕಾರರ ಬೀದಿಯಲ್ಲಿ ಯಾರಾದರೂ ಕೇಳಿದರೆ ನನಗೆ ಕೆಮ್ಮು ಬರುತ್ತದೆ. ಕಾರ್ ಡೀಟೇಲಿಂಗ್. ವ್ಯಾನಿನಲ್ಲಿ ನೀರಿನ ಟ್ಯಾಂಕು, ಜನರೇಟರು, ಪ್ರೆಶರ್ ಗನ್ನು ಹೇರಿಕೊಂಡು ಜನರ ಬಾಗಿಲಿಗೇ ಹೋಗಿ ಅವರ ಕಾರಿಗೆ ಬಾಣಂತಿ ಸ್ನಾನ ಮಾಡಿಸಿ ಬರುವುದು. ಡೀಟೇಲ್ ಎಂದರೆ ವಿವರ ಎಂದು ನಾನು ಬಿ.ಎ. ಓದಿದ ಒಂದೂವರೆ ವರ್ಷದಲ್ಲಿ ಕಲಿತಿದ್ದೆ. ಕಾರಿಗೆ ವಿವರ ಹಚ್ಚುವುದು ಹೇಗೆ? ಇಂಗ್ಲಿಷ್ ಈಸ್ ಎ ವೆರಿ... ವೆರಿ ಏನೋ ಲ್ಯಾಂಗ್ವೇಜ್. ಮರೆತಿದೆ.

ತೂಬಗೆರೆಯ ಕೆಂಪರಾಜ್ ಕೂಡ ಅಲ್ಲಿಗೇ ಬಂದಿದ್ದ. ತರಕಾರಿ ಸಾಗಿಸಲು ಅವನಿಗೆ ವ್ಯಾನು ಬೇಕು. ಸಾವಿನ ಮನೆ ವಾಸನೆ ಹಿಡಿಯುವ ಕಾಗೆಯಂಥವನು. ಟೈರಿಗೆ ಎರಡು ಒದೆ ಕೊಟ್ಟು, "ಕೊಟ್ಬಿಡಿ ಯಜಮಾನ್ರೇ, ಹೆಣ್ಣುಮಗಳು ಒಬ್ಬಳೇ ಏನ್ ಮಾಡ್ತಾಳೆ?" ಎಂದ. ಕೊಡುವುದೇ ವಾಸಿ ಎಂದು ನಾನೂ ಅಂದೆ. ಅಳಿಯ ಪಿಲ್ಲಗುಂಪೆಯ ಯಾವುದಾದರೂ ಫ್ಯಾಕ್ಟರಿ ಸೇರಲಿ, ಗೌರವವಾಗಿ ಬಸ್ಸಿನಲ್ಲಿ ಹೋಗಿ ಬರಲಿ. ಮೇಘನ ಇಬ್ಬರನ್ನೂ ಒಂದೇ ಕಣ್ಣಿನಲ್ಲಿ ನೋಡಿ, "ದಸರಾ ಹೊತ್ಗೆ ಹೇಳ್ತೀವಿ" ಎಂದಳು.

ಮನೆಗೆ ಬಂದೆ. ಸಂಕ್ರಾಂತಿಯ ವಾರ ನನ್ನ ಹೆಂಡತಿ ಬನಶಂಕರಿ ತೀರಿಕೊಂಡಾಗಿನಿಂದ ಈ ಮನೆಯಲ್ಲಿ ಜಗಳವಿಲ್ಲ. ನಮ್ಮ ಪವರ್‌ಲೂಮ್ ನಡೆಯುತ್ತಿದ್ದಾಗ ಅವಳು ಸೆರಗು ಇಳಿಬಿಟ್ಟುಕೊಂಡೇ ಮಗ್ಗಗಳ ನಡುವೆ ಓಡಾಡುವಳು. ಬೆಲ್ಟಿಗೆ ಸಿಕ್ಕರೆ ಕತ್ತಿನ ಸಮೇತ ಸುತ್ತಿಕೊಳ್ಳುತ್ತದೆ. "ಸೆರಗು ಸಿಕ್ಕಿಸ್ಕೊಳ್ಳೇ!" ಎಂದು ಆ ಸದ್ದಿನ ಮೇಲೆ ನಾನು ಅರಚಬೇಕು. "ನಿಮ್ಮ ಬಾಯಿ ಮೊದ್ಲು ಸಿಕ್ಕಿಸ್ಕೊಳ್ಳಿ!" ಎಂದು ಅವಳು ತಿರುಗಿ ಅರಚಬೇಕು. ಇದೇ ನಮ್ಮ ದಾಂಪತ್ಯ. ಮಗ್ಗ ಮಾರಿದ ಮೇಲೆ ಮನೆ ನಿಶ್ಶಬ್ದವಾದರೂ ನಾವಿಬ್ಬರೂ ಅದೇ ಸ್ಥಾಯಿಯಲ್ಲಿ ಮಾತಾಡುತ್ತಿದ್ದೆವು. ಈಗ ಗಂಟಲಿಗೆ ಕೆಲಸವಿಲ್ಲ. ಅದಕ್ಕೇ ಬರೆಯುತ್ತಿರುವುದು.

ಆಗಸ್ಟ್ ೨೦

ಬೆಳಿಗ್ಗೆ ಮೇಘನ ಬಂದಳು. ಅಮ್ಮನ ಬೀರು ತೆಗೆದು ಸೀರೆಗಳನ್ನು ಅತ್ತೆಯಂದಿರಿಗೆ, ಚಿಕ್ಕಮ್ಮಂದಿರಿಗೆ ಹಂಚೋಣ ಎಂದು ಕೇಳಲು ಬಂದಿದ್ದಾಳೆ ಅಂದುಕೊಂಡು, "ಕೀಲಿ ಸಿಕ್ಕಿಲ್ಲ" ಎಂದೆ. ಕೀಲಿ ನನ್ನ ಜನಿವಾರದಲ್ಲೇ ಇದೆ.

"ಕೀಲಿ ಕೇಳ್ಲಿಲ್ಲ ಅಪ್ಪಾ. ವ್ಯಾನು ಓಡಿಸ್ತೀಯಾ?"

"ಸೀರೆ ಬೇಲು ಹೊತ್ತು ಚಿಕ್ಕಪೇಟೆಗೆ ಓಡಿಸಿದವನು ಕಣೇ ನಾನು. ಬಕೆಟ್ಟು ಹೊರೋನಲ್ಲ."

"ಬಕೆಟ್ಟು ನಾನು ಹೊರ್ತೀನಿ. ನೀನು ಸ್ಟೀರಿಂಗ್ ಹಿಡ್ಕೊ ಸಾಕು. ಮಾತೂ ಆಡ್ಬೇಡ."

ಹೋದೆ. ವ್ಯಾನಿನ ರೆಕ್ಸಿನ್ ಸೀಟು ಬಿಸಿಲಿಗೆ ಕಾದ ಹೆಂಚು. ದೋಸೆಯಂತೆ ಬೆಂದು ಬಂದಿದ್ದೇನೆ. ನಾಳೆಯಿಂದ ಏನಾದರೂ ಹಾಸಿಕೊಳ್ಳಬೇಕು.

ಆಗಸ್ಟ್ ೨೩

ಬಾಗಿಲ ಹಿಂದಿನ ಗೂಟದಲ್ಲಿ ಬನಶಂಕರಿಯ ಹಸಿರು ಸೀರೆ ನೇತಾಡುತ್ತಲೇ ಇತ್ತು. ಬೀರುವಿನೊಳಗೆ ಸೇರದ್ದು ಅದೊಂದೇ. ಮಡಿಸಿ ವ್ಯಾನಿನ ಸೀಟಿಗೆ ಹಾಸಿಕೊಂಡೆ. ಇದ್ದಷ್ಟು ದಿನ ಅವಳು ನನ್ನ ತಲೆಯ ಮೇಲೆ ಕೂತಿದ್ದಳು. ಈಗ ನನ್ನ ಸರದಿ.

ಕಾರು ತೊಳೆಯುವುದೆಂದರೆ ಒಂದು ಬಕೆಟ್, ಒಂದು ಬಟ್ಟೆ ಅಂದುಕೊಂಡಿದ್ದೆ. ಅಲ್ಲವಂತೆ. ಮೊದಲು ಚಕ್ರ, ಅದಕ್ಕೆ ಬೇರೆ ಬ್ರಷ್ಷು. ಚಕ್ರದ ಬ್ರಷ್ಷು ಮೈಗೆ ತಾಗಿದರೆ ಮೈಲಿಗೆ. ಆಮೇಲೆ ಗನ್ನಿನಿಂದ ನೊರೆ. ಮದುವೆಯ ಕೇಕಿನಂತೆ ಕಾರು ಮುಚ್ಚಿಹೋಗುತ್ತದೆ. ಧೂಳು ತಾನೇ ಸಡಿಲವಾಗಿ ಇಳಿಯುವವರೆಗೆ ಕೈ ಕಟ್ಟಿಕೊಂಡು ನಿಲ್ಲಬೇಕು. ನಂತರ ಎರಡು ಬಕೆಟ್. ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಂಥ ಸ್ಪಂಜನ್ನು ಪ್ರತಿಸಲ ಬರೀ ನೀರಿನಲ್ಲಿ ತೊಳೆದೇ ಸೋಪಿಗೆ ಅದ್ದಬೇಕು. ಬಕೆಟ್ಟಿನ ತಳದಲ್ಲಿ ಒಂದು ಜಾಲರಿ. ಮರಳು ಅದರ ಕೆಳಗೆ ಕೂತುಬಿಡುತ್ತದೆ, ಮತ್ತೆ ಸ್ಪಂಜಿಗೆ ಹತ್ತುವುದಿಲ್ಲ. ಮೇಲಿನಿಂದ ಕೆಳಕ್ಕೇ ಬರಬೇಕು. ಒರೆಸುವಾಗ ಉಜ್ಜಬಾರದು, ಟವೆಲ್ ಹಾಸಿ ಒತ್ತಬೇಕು.

"ಮಡಿ ಹೆಂಗಸರು ಇಷ್ಟು ಮಾಡಲ್ಲ" ಎಂದೆ.

"ಒಂದು ಮರಳು ಕಾಳು ಸಾಕು ಅಪ್ಪಾ, ಕಾರಿಡೀ ಗೀರು" ಎಂದಳು.

ಕೆಳಗೆ ಬಿದ್ದ ಟವೆಲ್ಲನ್ನು ನಾನು ಕೊಡವಿ ಎತ್ತಿ ಕೊಟ್ಟೆ. ಹಾವು ಕೊಟ್ಟವನ ಹಾಗೆ ನೋಡಿದಳು. ಬಿದ್ದ ಬಟ್ಟೆ ಮತ್ತೆ ಕಾರು ಮುಟ್ಟಕೂಡದು. ಅದಕ್ಕೊಂದು ಬೇರೆ ಚೀಲವಿದೆ.

ಆಗಸ್ಟ್ ೩೧

ಗಣೇಶ ಹೋದ, ಗಿರಾಕಿಗಳು ಬಂದರು. ಇಂದು ಒಳಭಾಗ. ಡ್ಯಾಶ್‌ಬೋರ್ಡಿನ ಮೇಲೆ ಐದು ದೇವರು, ಒಂದು ನಾಯಿಗೊಂಬೆ. ತೆಗೆಯುವ ಮೊದಲು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಬೇಕು. ಒರೆಸಿ ಇಡುವಾಗ ಗಣಪತಿಯ ಜಾಗದಲ್ಲಿ ನಾಯಿ ಕೂತರೆ ಗಿರಾಕಿ ಕೂಗಾಡುತ್ತಾರೆ. ಸೀಟಿನಡಿ ವ್ಯಾಕ್ಯೂಮ್ ಹಾಕಿದರೆ ಅರ್ಧ ವಡೆ, ಮಗುವಿನ ಒಂದು ಕಾಲುಚೀಲ, ಒಂದು ಕಿವಿಯೋಲೆ. ವಡೆಯನ್ನು ಬಿಟ್ಟು ಉಳಿದದ್ದನ್ನು ಮೇಘನ ಒಡತಿಯ ಕೈಗೆ ಕೊಟ್ಟಳು. ಓಲೆ ನೋಡಿ ಆಕೆ, "ಇದು ನಂದಲ್ಲ" ಎಂದಳು. ನಾವು ಬೇಗ ಬೇಗ ಪೈಪು ಸುತ್ತಿಕೊಂಡು ಹೊರಟೆವು. ದಾರಿಯುದ್ದಕ್ಕೂ ಮೇಘನ ನಕ್ಕಳು. ನಗುವಾಗ ಮೂಗು ಅವಳಮ್ಮನದೇ.

ಸೆಪ್ಟೆಂಬರ್ ೪

ಇವತ್ತು ನನಗೆ ಬಡ್ತಿ. ತೊಳೆದ ಮೇಲೂ ಕಾರಿನ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಹರಳುಗಳು ಕಚ್ಚಿಕೊಂಡಿರುತ್ತವೆ. ಬರಿಗೈಗೆ ಗೊತ್ತಾಗುವುದಿಲ್ಲ. ಕೈಗೆ ತೆಳು ಪ್ಲಾಸ್ಟಿಕ್ ಕವರು ಹಾಕಿಕೊಂಡು ಸವರಿದರೆ ಜುಮುಜುಮು ಎನ್ನುತ್ತದೆ. ಅಲ್ಲೆಲ್ಲ ಮೇಣದಂಥ ಒಂದು ಜೇಡಿಯನ್ನು ನೀರು ಚಿಮುಕಿಸಿ ಎಳೆಯಬೇಕು, ಹರಳು ಅದಕ್ಕೆ ಅಂಟಿಕೊಂಡು ಬರುತ್ತದೆ. ಮೇಘನ ಬಿಟ್ಟ ಜಾಗಗಳನ್ನು ನಾನು ಕಣ್ಣು ಮುಚ್ಚಿಕೊಂಡೇ ಹುಡುಕಿಕೊಟ್ಟೆ. "ಇಲ್ಲಿ. ಇಲ್ಲೂ. ಬಾಗಿಲ ಕೆಳಗೆ ಇನ್ನೂ." ಮಗ್ಗದ ಮೇಲೆ ಒಂದು ಎಳೆ ತುಂಡಾದರೆ ಬೆರಳಲ್ಲೇ ಕಂಡುಹಿಡಿಯುತ್ತಿದ್ದವನಿಗೆ ಇದೊಂದು ಲೆಕ್ಕವೇ?

ಅಳಿಯ ವಿಡಿಯೋ ಕಾಲಿನಲ್ಲಿ ನೋಡಿ, "ಮಾವ, ಸೂಪರ್ ಗುರು!" ಎಂದ. ನಾಲಿಗೆ ಕಚ್ಚಿಕೊಂಡು "ಗುರುಗಳೇ" ಎಂದು ತಿದ್ದಿಕೊಂಡ.

ಕೆಂಪರಾಜ್ ಮತ್ತೆ ಫೋನು ಮಾಡಿದ್ದ. ಎತ್ತಲಿಲ್ಲ. ಕೈಯಲ್ಲಿ ಕವರಿತ್ತು.

ಸೆಪ್ಟೆಂಬರ್ ೯

ನಂದಿಬೆಟ್ಟ ಕಾಣುವ ವಿಲ್ಲಾ ಬಡಾವಣೆಯೊಂದರಿಂದ ಕರೆ ಬಂತು. ಅಲ್ಲಿಯ ಸಂಘದ ಕಾರ್ಯದರ್ಶಿ ಲಕ್ಷ್ಮೀದೇವಮ್ಮ, ದೊಡ್ಡಬೆಳವಂಗಲದ ಕಡೆಯವರು, ಹೆಡ್‌ಮಿಸ್ ಆಗಿ ನಿವೃತ್ತರು. ಇನ್ನೂ ನಿವೃತ್ತರಾದಂತೆ ಕಾಣುವುದಿಲ್ಲ. ಅವರದೊಂದು ಕಪ್ಪು ಕಾರು. ಎಂಥ ಕಪ್ಪು ಅಂದರೆ ಅದರಲ್ಲಿ ನನ್ನ ಮೂಗಿನ ಕೂದಲು ಕಂಡಿತು.

"ಮೊದ್ಲು ನನ್ನ ಕಾರು ಮಾಡಿ. ಪಾಲಿಷ್ಷು, ಮೇಲೆ ಕೋಟಿಂಗು, ಎಲ್ಲಾ. ಸರಿಹೋದ್ರೆ ಬಡಾವಣೇಲಿರೋ ಮೂವತ್ತು ಮನೆ ಕಾರೂ ನಿಮ್ಗೇ. ಸರಿಹೋಗ್ಲಿಲ್ವೋ, ಗೇಟಿನ ಹತ್ರನೂ ಕಾಣ್ಸಬೇಡಿ. ಏನ್ರೀ ಯಜಮಾನ್ರೇ, ನೀವೇನ್ ಮಾಡ್ತೀರಿ?"

"ಕ್ವಾಲಿಟಿ ಇನ್‌ಸ್ಪೆಕ್ಷನ್" ಎಂದೆ.

"ಹೌದಾ? ಉಗುರು ಕತ್ತರಿಸ್ಕೊಂಡು ಬನ್ನಿ."

ಹಿಂದಿರುಗುವಾಗ ಮೇಘನ ಫೋನಿನಲ್ಲಿ ಲೆಕ್ಕ ಹಾಕುತ್ತಲೇ ಇದ್ದಳು. ದೊಡ್ಡಬಳ್ಳಾಪುರ ಬಂದ ಮೇಲೆ, "ಅಪ್ಪಾ, ಇದು ಸಿಕ್ಕಿದ್ರೆ ವ್ಯಾನು ಉಳಿಯುತ್ತೆ. ಇಲ್ಲಾಂದ್ರೆ ಕೆಂಪರಾಜಂಗೆ ಹೂಂ ಅನ್ಬೇಕು" ಎಂದಳು. ಬಹಳ ಸಾವಧಾನವಾಗಿ ಹೇಳಿದಳು.

ಉಗುರು ಕತ್ತರಿಸಿಕೊಂಡೆ.

ಸೆಪ್ಟೆಂಬರ್ ೧೪, ಭಾನುವಾರ

ಕಾರು ಗೀರಲ್ಪಟ್ಟಿತು.

ಇದಕ್ಕೆ ಪ್ಯಾಸಿವ್ ವಾಯ್ಸ್ ಎನ್ನುತ್ತಾರೆ. ಮಾಡಿದವನ ಹೆಸರು ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದೊಂದೇ ಜೀವನಕ್ಕೆ ಉಪಯೋಗ ಬಿದ್ದದ್ದು.

ಸೆಪ್ಟೆಂಬರ್ ೧೫

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ತೊಳೆದದ್ದಾಯಿತು, ಜೇಡಿ ಎಳೆದದ್ದಾಯಿತು, ಮೇಘನ ಮೆಷಿನ್ನಿನಿಂದ ಪಾಲಿಷ್ ಮಾಡಿದ್ದಾಯಿತು. ಕಾರು ಹೊಸ ಮದುಮಗನಂತೆ ನಿಂತಿತ್ತು. ಲಕ್ಷ್ಮೀದೇವಮ್ಮ ಒಳಗೆ ಕರೆದರೆಂದು ಮೇಘನ ಹೋದಳು. "ಬಾನೆಟ್ ಮೇಲೆ ಪುಡಿ ಉಳಿದಿದೆ, ನಾನು ಬಂದು ಒರೆಸ್ತೀನಿ, ಮುಟ್ಬೇಡ" ಎಂದಿದ್ದಳು. ಗಾಳಿ ಬಂತು. ಒಣಗಲು ಹಾಕಿದ್ದ ಟವೆಲ್ಲುಗಳೆಲ್ಲ ನೆಲಕ್ಕೆ ಬಿದ್ದವು. ಬಿದ್ದ ಬಟ್ಟೆ ಮುಟ್ಟಿಸಕೂಡದು, ನಿಯಮ ನನಗೆ ಗೊತ್ತು. ಆದರೆ ಬಟ್ಟೆಯ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ತಾಲ್ಲೂಕಿನಲ್ಲಿ ಯಾರು? ಪೇಟೆಯಿಂದ ಬರುವ ಆ ಟವೆಲ್ಲನ್ನು ನಾನು ಬೆರಳಲ್ಲಿ ಉಜ್ಜಿ ನೋಡಿದ್ದೇನೆ. ಪ್ಲಾಸ್ಟಿಕ್ಕು. ನನ್ನ ಸೀಟಿನ ಮೇಲಿದ್ದ ಬನಶಂಕರಿಯ ಸೀರೆ ಹತ್ತಿ-ರೇಷ್ಮೆ, ನನ್ನದೇ ಮಗ್ಗದ್ದು, ಒಗೆದೂ ಒಗೆದೂ ಬೆಣ್ಣೆಯಾದದ್ದು. ಅಂಚು ಒಳಗೆ ಬರುವಂತೆ ಮಡಿಸಿ ಚೆನ್ನಾಗಿ ಕೊಡವಿದೆ. ಬಾನೆಟ್ಟನ್ನು ಒರೆಸಿದೆ. ಎಂಥ ಹೊಳಪು! ಹುರುಪು ಬಂತು, ಇನ್ನೂ ಒರೆಸಿದೆ. ಮಡಿಕೆ ಬಿಚ್ಚಿಕೊಂಡದ್ದು ನನಗೆ ಗೊತ್ತಾಗಲಿಲ್ಲ.

ಜರಿ ಎಂದರೆ ದಾರಕ್ಕೆ ಸುತ್ತಿದ ತೆಳು ಲೋಹದ ತಗಡು. ಹಳೆಯದಾದಂತೆ ಅಲ್ಲಲ್ಲಿ ತುಂಡಾಗಿ, ಕೂದಲೆಳೆಯಂಥ ತುದಿಗಳು ಎದ್ದು ನಿಲ್ಲುತ್ತವೆ. ಕೂಸನ್ನು ಜರಿ ಸೀರೆಯಲ್ಲಿ ಸುತ್ತಬೇಡಿ, ಚರ್ಮ ತರಚುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ.

ಮೇಘನ ಬಂದು ಗೀರು ಹುಡುಕುವ ತನ್ನ ಲೈಟು ಹಿಡಿದಳು. ಬಾನೆಟ್ ತುಂಬ ಜೇಡರ ಬಲೆ. ಕರಿ ಕಾರಿಗೆ ಜರಿ ಅಂಚು ನೇಯ್ದು ಇಟ್ಟಿದ್ದೆ.

ಕೂಗುತ್ತಾಳೆ ಎಂದು ಕಾದೆ. ಕೂಗಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು.

"ಅಪ್ಪಾ, ಇದು ಅಮ್ಮನ ಸೀರೆ."

"ಮೆತ್ತಗಿತ್ತು" ಎಂದೆ.

ಅವಳು ಅದನ್ನು ಇಸಿದುಕೊಂಡು, ನಾಲ್ಕು ಮಡಿಕೆ ಹಾಕಿ, ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದಳು. ಆಮೇಲೆ ಹೋಗಿ ಲಕ್ಷ್ಮೀದೇವಮ್ಮನಿಗೆ, "ಮೇಡಂ, ಕೆಲಸ ಕೆಟ್ಟಿದೆ, ಎರಡು ದಿನ ಬೇಕು" ಎಂದಳು.

ಮಗಳ ಮನೆಗೆ ಬಂದರೆ ಅಳಿಯ. "ಗೀರು ತುಂಬೋ ಮೇಣ ಇದ್ಯಲ್ಲ, ಹಚ್ಬಿಡು ಮೇಘಾ. ಯಾರಿಗೂ ಕಾಣಲ್ಲ."

"ಹಚ್ಬಿಡ್ಲಾ ಅಪ್ಪಾ?" ಎಂದು ಅವಳು ನನ್ನನ್ನು ಕೇಳಿದಳು. ನನ್ನನ್ನು! ಸುಸ್ತಾಗಿದ್ದಳು.

ನಮ್ಮ ಬೀದಿಯಲ್ಲೊಬ್ಬ ಹರಿದ ಸೀರೆಗೆ ಗಂಜಿ ಹಾಕಿ, ಹರುಕು ಒಳಮಡಿಕೆಗೆ ಸೇರಿಸಿ ಮಾರುತ್ತಿದ್ದ. ಒಂದು ಒಗೆತಕ್ಕೇ ಹರುಕು ಹೊರಬಿತ್ತು. ಮದುವೆ ಮನೆಯವರೆಲ್ಲ ಲಾರಿ ಹತ್ತಿಕೊಂಡು ಬಂದಿದ್ದರು. ಅದನ್ನು ಹೇಳಿದೆ. "ಬೇಡ ಕಣಮ್ಮಾ" ಎಂದೆ.

ಅಳಿಯ ಎದ್ದು ಒಲೆ ಹಚ್ಚಿದ. ಒಂದು ಕೈಯಲ್ಲೇ ಕಾಫಿ ಮಾಡಿಕೊಟ್ಟ. ಕೆಟ್ಟದಾಗಿತ್ತು. ಪೂರ್ತಿ ಕುಡಿದೆ.

ಸೆಪ್ಟೆಂಬರ್ ೧೬

ಬೆಳಿಗ್ಗೆಯಿಂದ ಬಾನೆಟ್. ಗೀರು ತೆಗೆಯುವುದು ಎಂದರೆ ಅದನ್ನು ತುಂಬುವುದು ಅಂದುಕೊಂಡಿದ್ದೆ. ಅಲ್ಲ. ಬಣ್ಣದ ಮೇಲೆ ಗಾಜಿನಂಥ ಒಂದು ಪದರವಿರುತ್ತದೆ. ಗೀರು ಇದ್ದಲ್ಲೇ ಇರುತ್ತದೆ. ಅದರ ಸುತ್ತಲಿನದನ್ನೆಲ್ಲ ಸವೆಸಿ ಸವೆಸಿ ಅದರ ತಳದ ಮಟ್ಟಕ್ಕೆ ಇಳಿಸುತ್ತಾರೆ. ಆಗ ಅದು ಗೀರಾಗಿ ಕಾಣುವುದಿಲ್ಲ. ಇದೆಂಥ ನ್ಯಾಯವೋ! ಬಿದ್ದವನನ್ನು ಎತ್ತುವ ಬದಲು ಊರೆಲ್ಲ ಕೂತುಕೊಳ್ಳುವುದು.

ಮಧ್ಯಾಹ್ನ ಮೇಘನ ಮೆಷಿನ್ನನ್ನು ನನ್ನ ಕೈಗೆ ಕೊಟ್ಟಳು. "ಒತ್ತಬೇಡ. ಅದರ ತೂಕಕ್ಕೇ ಬಿಡು. ನಿಧಾನ. ಒಂದೇ ಕಡೆ ನಿಲ್ಲಿಸ್ಬೇಡ, ಸುಟ್ಟುಹೋಗುತ್ತೆ." ಅದರ ಗುಂಯ್‌ಗುಡುವಿಕೆ ದೂರದಿಂದ ಕೇಳುವ ಮಗ್ಗದ ಹಾಗಿತ್ತು. ಒಂದು ಅಂಗೈಯಗಲ ಜಾಗ ನನ್ನದು. ಲೈಟು ಹಿಡಿದು ನೋಡಿದಳು, "ಹೂಂ" ಎಂದಳು. ಆ ಹೂಂ ಕೂಡ ಅವಳಮ್ಮನದೇ. ನಲವತ್ತು ಸೀರೆ ತೋರಿಸಿದರೆ ಒಂದು ಹೂಂ.

ಎಲ್ಲ ಹೋಯಿತು, ಒಂದು ಬಿಟ್ಟು. ಬಾನೆಟ್ಟಿನ ಬಲ ಅಂಚಿನಲ್ಲಿ ಬೆರಳುದ್ದದ ಗೀರು. ನಾನು ಉಜ್ಜುತ್ತಲೇ ಇದ್ದೆ.

"ಸಾಕು ಅಪ್ಪಾ. ಅಂಚಲ್ಲಿ ಪದರ ತೆಳು. ಇನ್ನೂ ಉಜ್ಜಿದ್ರೆ ಬಣ್ಣಾನೇ ಹೋಗುತ್ತೆ."

"ಇನ್ನೊಂದು ಸುತ್ತು."

"ಬಿಡಪ್ಪಾ. ಇರ್ಲಿ ಅದು."

ಬಿಟ್ಟೆ. ಅವಳು ಮೇಲೆ ಕೋಟಿಂಗು ಹಚ್ಚಿ ಮುಗಿಸಿದಳು. ಎಲ್ಲ ಗೀರನ್ನೂ ತೆಗೆಯಬೇಕಾಗಿಲ್ಲವಂತೆ. ಈ ಕಾಲದವರ ಸೋಮಾರಿತನ. ಮನೆಗೆ ಬಂದು ಮಲಗಿದೆ, ಗೂಟ ಖಾಲಿ ಇತ್ತು, ನಿದ್ದೆ ಬಂತು.

ಸೆಪ್ಟೆಂಬರ್ ೧೭

ಲಕ್ಷ್ಮೀದೇವಮ್ಮ ಉತ್ತರಪತ್ರಿಕೆ ತಿದ್ದುವವರಂತೆ ಕಾರನ್ನು ಸುತ್ತಿದರು. ಫೋನಿನ ಟಾರ್ಚು ಹಾಕಿದರು. ಬಲ ಅಂಚಿನಲ್ಲಿ ನಿಂತರು. 

"ಇದೇನಿದು?"

ಮೇಘನ ಬಾಯಿ ತೆಗೆಯುವ ಮೊದಲೇ ನಾನಂದೆ: "ನಾನು ಮೇಡಂ. ಜರಿ ಸೀರೇಲಿ ಒರೆಸ್ಬಿಟ್ಟೆ." ಆಕ್ಟಿವ್ ವಾಯ್ಸ್.

"ಜರಿ ಸೀರೇಲಿ? ಯಾಕ್ರೀ, ಕಾರಿಗೆ ಸೀಮಂತ ಮಾಡ್ತಿದ್ರಾ?"

ಯಾರೂ ನಗಲಿಲ್ಲ. ಮೇಘನ, "ಇದೊಂದು ಹೋಗಲ್ಲ ಮೇಡಂ. ಮುಚ್ಚಬಹುದಿತ್ತು, ಮುಚ್ಚಿಲ್ಲ" ಎಂದಳು.

ಆಕೆ ಟಾರ್ಚು ಆರಿಸಿದರು. "ಹಿಂದಿನವನು ಬಂದಿದ್ದ. ಕಾರೆಲ್ಲಾ ಮೇಣ ಮೆತ್ತಿ, ಕನ್ನಡಿ ಥರಾ ಮಾಡಿ, ಕೈ ಮುಗಿದು ಹೋದ. ಎರಡು ಮಳೆ ಬಿತ್ತು ನೋಡಿ, ಒಳಗಿದ್ದ ಗೀರೆಲ್ಲಾ ಎದ್ದು ಕೂತ್ಕೊಂಡ್ವು." ಫೋನನ್ನು ಚೀಲಕ್ಕೆ ಹಾಕಿಕೊಂಡರು. "ವಾರದ ತೊಳೆಯೋ ಕೆಲಸ ಮೂವತ್ತು ಮನೇದೂ ಕೊಡ್ತೀನಿ. ಪಾಲಿಷ್ಷು, ಕೋಟಿಂಗು ಯುಗಾದಿ ಆದ್ಮೇಲೆ ನೋಡೋಣ. ಆದ್ರೆ ಒಂದು ಕಂಡೀಷನ್ನು. ಈ ಯಜಮಾನ್ರು ಬಟ್ಟೆ ಮುಟ್ಟಕೂಡ್ದು."

"ಬಕೆಟ್ಟು?" ಎಂದೆ.

"ಬಕೆಟ್ಟು ಮುಟ್ಬಹುದು."

ವ್ಯಾನು ಹತ್ತಿದ ಮೇಲೆ ಮೇಘನ ಡ್ಯಾಶ್‌ಬೋರ್ಡಿಗೆ ಹಣೆ ಇಟ್ಟು ಅತ್ತಳು. ನಾನು ಹಾರನ್ನು ಹೊಡೆದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಸೆಪ್ಟೆಂಬರ್ ೨೧, ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟೆವು. ಬನಶಂಕರಿ ಹಿರಿಯಳಾದದ್ದು ವಿಚಿತ್ರ, ನನಗಿಂತ ಆರು ವರ್ಷ ಚಿಕ್ಕವಳು. ಎಡೆಗೆ ಸೀರೆ ಬೇಕಿತ್ತು. ಕೀಲಿ ಸಿಕ್ಕಿತು ಎಂದೆ. ಎಲ್ಲಿತ್ತು ಎಂದು ಮೇಘನ ಕೇಳಲಿಲ್ಲ, ನನ್ನ ಜನಿವಾರ ನೋಡಿದಳು. ಬೀರು ತೆಗೆದಾಗಿದೆ, ಇನ್ನು ಧೂಳು ಕೂರುತ್ತದೆ ಎಂದು ಸೀರೆಗಳನ್ನು ಹಂಚಿಬಿಟ್ಟೆವು. ಯಾವ ಸೀರೆ ಯಾವ ಮಗ್ಗದ್ದು ಎಂದು ಹೇಳುತ್ತಾ ಕೊಟ್ಟೆ. ನನ್ನ ಅಕ್ಕ ಪಾಪಕ್ಕ ತನ್ನ ಪಾಲಿನದು ಮಸುಕು ಬಣ್ಣ ಎಂದು ಗೊಣಗಿದಳು. ಅವಳಿಗೂ ಬನಶಂಕರಿಗೂ ಆಗುತ್ತಿರಲಿಲ್ಲ. ಎಲ್ಲ ಸರಿಯಾಗಿ ನಡೆಯಿತು.

ಕೆಂಪರಾಜ್ ಬಂದು ಟೈರಿಗೆ ಒದ್ದ. "ಲೇ, ಕಾಲು ತೆಗಿ. ಈಗ ತಾನೇ ಪಾಲಿಷ್ ಮಾಡಿದ್ದು" ಎಂದೆ. ಹೋದ.

ಅಕ್ಟೋಬರ್ ೧, ಆಯುಧಪೂಜೆ

ಮೂವತ್ತು ಮನೆಯ ಕಾರುಗಳೂ ಬಡಾವಣೆಯ ಮೈದಾನದಲ್ಲಿ ಸಾಲಾಗಿ ನಿಂತಿದ್ದವು. ಬೆಳಕು ಹರಿಯುವ ಮೊದಲೇ ಶುರುಮಾಡಿ ಎಲ್ಲವನ್ನೂ ತೊಳೆದೆವು. ಬಕೆಟ್ ಇಲಾಖೆ ನನ್ನದು, ದೂರಿಲ್ಲ. ಅಳಿಯನ ಕೈಗೆ ಬಿಡುಗಡೆಯಾಗಿದೆ, ಬಿಳಿಚಿಕೊಂಡು ಮೂಲಂಗಿಯಂತಿದೆ. ನೊರೆ ಇದ್ದ ಕಡೆ ನಾನೇ ಅವನ ತೋಳು ಹಿಡಿದು ದಾಟಿಸಿದೆ.

ಪುರೋಹಿತರು ಕುಂಕುಮದ ಬಟ್ಟಲು ಹಿಡಿದು ಬಾನೆಟ್ಟಿಗೆ ಕೈ ಚಾಚಿದ ಕೂಡಲೇ ಲಕ್ಷ್ಮೀದೇವಮ್ಮ ಗುಡುಗಿದರು: "ಅರಿಶಿನ ಕುಂಕುಮ ಗಾಜಿಗೆ ಮಾತ್ರ! ಬಣ್ಣಕ್ಕೆ ಹಚ್ಚಿದ್ರೆ ಕಲೆ ಹೋಗಲ್ಲ! ತೆಂಗಿನಕಾಯಿ ಆ ಕಡೆ ಒಡೀರಿ!"

"ಶಾಸ್ತ್ರ ಅಂತ ಒಂದಿದೆಯಮ್ಮಾ" ಎಂದರು ಪುರೋಹಿತರು.

"ಕೋಟಿಂಗ್ ಅಂತಾನೂ ಒಂದಿದೆ" ಎಂದರು ಆಕೆ. ಇವರು ನಮ್ಮ ಕಡೆ ಯಾವಾಗ ಸೇರಿದರೋ!

ಮೇಘನ ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದಳು. ಹಸಿರು ಸೀರೆ. ಅದೇ. ಒಗೆದಿದ್ದಾಳೆ, ಜರಿ ಸ್ವಲ್ಪ ಕಪ್ಪಾಗಿದೆ, ಮೈಮೇಲೆ ಚೆನ್ನಾಗಿ ಕೂತಿದೆ. ಅವಳಮ್ಮನ ಹಾಗೇ ಸೆರಗು ಇಳಿಬಿಟ್ಟುಕೊಂಡು, ಕೈಯಲ್ಲಿ ಸೇವಂತಿಗೆ ಹಾರ ಹಿಡಿದು, ನೇರ ಆ ಕಪ್ಪು ಕಾರಿನ ಹತ್ತಿರ ಹೋಗಿ ಬಾಗಿದಳು. ಸೆರಗು ಭುಜದಿಂದ ಜಾರಿ ಬಾನೆಟ್ಟಿನ ಕಡೆಗೆ ಇಳಿಯತೊಡಗಿತು. ನಾನು ಎರಡು ಬಕೆಟ್ ಹಿಡಿದು ಮೈದಾನದ ಈ ತುದಿಯಲ್ಲಿದ್ದೆ.

"ಸೆರಗು ಸಿಕ್ಕಿಸ್ಕೊಳ್ಳೇ!"

ಜನರೇಟರಿನ ಸದ್ದಿನ ಮೇಲೆ ಹೋಗಿ ಮುಟ್ಟಿತು. ಮೂವತ್ತು ಮನೆಯವರೂ ತಿರುಗಿದರು. ಪುರೋಹಿತರ ಮಂತ್ರ ನಿಂತಿತು. ಎಲ್ಲ ವಯಸ್ಸಿನ ಹೆಂಗಸರೂ ಒಮ್ಮೆಲೇ ಸೆರಗು ಮುಟ್ಟಿ ನೋಡಿಕೊಂಡರು, ಲಕ್ಷ್ಮೀದೇವಮ್ಮನೂ.

ಮೇಘನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅಷ್ಟೇ ಜೋರಾಗಿ, ಮೈದಾನದ ಆ ತುದಿಯಿಂದ:

"ನಿನ್ನ ಬಾಯಿ ಮೊದ್ಲು ಸಿಕ್ಕಿಸ್ಕೊಳ್ಳಪ್ಪಾ!"

ಬಕೆಟ್ ಎರಡೂ ಚೆಲ್ಲಿದವು. ತುಂಬಿಸಲು ಹೋದೆ, ಟ್ಯಾಂಕಿನ ಹಿಂದೆ ಸ್ವಲ್ಪ ಹೊತ್ತಾಯಿತು, ಕಣ್ಣಿಗೆ ನೊರೆ ಸಿಡಿದಿತ್ತು.

ಗಂಟಲು ಕಟ್ಟಿದೆ. ಬಹಳ ದಿನ ನಿಂತಿದ್ದ ಯಂತ್ರ. ಮಲಗುವ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕು, ಸೋಮವಾರ ಮತ್ತೆ ಕೆಲಸವಿದೆ.